ಒಂದು ರಾಜ್ಯದ ಗನ್ ಪರ್ಮಿಟ್ ಇಡೀ ಅಮೆರಿಕದಲ್ಲಿ ನಡೆಯುತ್ತದೆಯೇ?

“ಟೆಕ್ಸಸ್‌ನಲ್ಲಿ ಒಮ್ಮೆ ಗನ್ ಪರ್ಮಿಟ್ ಮಾಡಿಸಿಕೊಂಡರೆ ಸಾಕು, ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ ಅಮೆರಿಕದ ಯಾವ ರಾಜ್ಯಕ್ಕೆ ಬೇಕಾದರೂ ಪಿಸ್ತೂಲು ತೆಗೆದುಕೊಂಡು ಹೋಗಬಹುದು.” ಈ ಧಾಟಿಯ ಮಾತನ್ನು ನೀವೂ ಯಾವುದಾದರೂ ಗ್ರೂಪಿನಲ್ಲಿ ಓದಿರಬಹುದು. ಅಮೆರಿಕದಲ್ಲಿ ಮಗನೋ ಮಗಳೋ ಇದ್ದರೆ ಅವರಿಗೆ ಕಳಿಸಿಯೂ ಇರಬಹುದು. ಈ ಮಾತು ತಪ್ಪು. ಇದನ್ನು ನಂಬಿ ರಾಜ್ಯದ ಗಡಿ ದಾಟಿದವರು ಜೈಲು ಕಂಡಿದ್ದಾರೆ.

ಚುಟುಕಾಗಿ ಹೇಳುವುದಾದರೆ, ಪರ್ಮಿಟ್ ಕೊಟ್ಟ ರಾಜ್ಯ ಏನು ಹೇಳುತ್ತದೆ ಎನ್ನುವುದು ಮುಖ್ಯವಲ್ಲ. ನೀವು ಈಗ ನಿಂತಿರುವ ರಾಜ್ಯ ಏನು ಹೇಳುತ್ತದೆ ಎನ್ನುವುದೇ ಮುಖ್ಯ. ಇನ್ನು ವೀಸಾ ಮೇಲೆ ಇರುವವರ ಲೆಕ್ಕವೇ ಬೇರೆ. ಅದನ್ನೂ ಮುಂದೆ ನೋಡೋಣ.

ಡ್ರೈವಿಂಗ್ ಲೈಸೆನ್ಸ್‌ಗೂ ಇದಕ್ಕೂ ಏನು ವ್ಯತ್ಯಾಸ?

ಬಟ್ಟೆಯೊಳಗೆ ಅಥವಾ ಬ್ಯಾಗಿನಲ್ಲಿ ಯಾರಿಗೂ ಕಾಣದಂತೆ ಗನ್ ಇಟ್ಟುಕೊಂಡು ಓಡಾಡುವುದಕ್ಕೆ ಅಮೆರಿಕದಲ್ಲಿ ‘ಕನ್ಸೀಲ್ಡ್ ಕ್ಯಾರಿ’ ಎನ್ನುತ್ತಾರೆ. ಇದರ ಪರ್ಮಿಟ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯ. ಒಂದು ರಾಜ್ಯದ ಡ್ರೈವಿಂಗ್ ಲೈಸೆನ್ಸನ್ನು ಉಳಿದೆಲ್ಲ ರಾಜ್ಯಗಳೂ ಒಪ್ಪುತ್ತವೆ. ಆದರೆ ಒಂದು ರಾಜ್ಯದ ಗನ್ ಪರ್ಮಿಟ್ಟನ್ನು ಇನ್ನೊಂದು ರಾಜ್ಯ ಒಪ್ಪಲೇಬೇಕು ಎಂಬ ಕಾನೂನು ಜಾರಿಯಲ್ಲಿಲ್ಲ. ಅಂಥದ್ದೊಂದು ಮಸೂದೆಯನ್ನು ಅಮೆರಿಕ ಸಂಸತ್ತಿನ ಕೆಳಮನೆ 2017ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತ್ತು. ಸೆನೆಟ್ ಅದನ್ನು ಪಾಸು ಮಾಡಲಿಲ್ಲ. ಆಗ ಬಂದ ಸುದ್ದಿಯ ಅರ್ಧ ಭಾಗವಷ್ಟೇ ಹಲವರ ನೆನಪಿನಲ್ಲಿ ಉಳಿದಿರುವುದೂ ಗೊಂದಲಕ್ಕೆ ಒಂದು ಕಾರಣ.

ಹೀಗಾಗಿ ಪ್ರತಿ ರಾಜ್ಯವೂ ತನ್ನದೇ ಪಟ್ಟಿ ಇಟ್ಟುಕೊಂಡಿದೆ. ಟೆಕ್ಸಸ್ ಪರ್ಮಿಟ್ಟನ್ನು ಅನೇಕ ರಾಜ್ಯಗಳು ಒಪ್ಪುತ್ತವೆ ಎನ್ನುವುದು ನಿಜ. ಆದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ಮೇರಿಲ್ಯಾಂಡ್‌ಗಳು ಹೊರಗಿನ ಯಾವ ಪರ್ಮಿಟ್ಟನ್ನೂ ಮಾನ್ಯ ಮಾಡುವುದಿಲ್ಲ. ಇನ್ನು ಕೊಲರಾಡೊದಂಥ ರಾಜ್ಯಗಳು, ಪರ್ಮಿಟ್ ಕೊಟ್ಟ ರಾಜ್ಯದಲ್ಲೇ ನೀವು ವಾಸವಾಗಿದ್ದರೆ ಮಾತ್ರ ಅದನ್ನು ಒಪ್ಪುತ್ತವೆ. ಯೂಟಾ ಹೊರರಾಜ್ಯದವರಿಗೂ ಪರ್ಮಿಟ್ ಕೊಡುತ್ತದೆ. ಆದರೆ ಬೇರೆ ರಾಜ್ಯದಲ್ಲಿದ್ದುಕೊಂಡು ಯೂಟಾದ ಪರ್ಮಿಟ್ ಮಾಡಿಸಿದವರಿಗೆ ಕೊಲರಾಡೊದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ.

“ಈಗ ಪರ್ಮಿಟ್ಟೇ ಬೇಡವಂತಲ್ಲ?”

ಇದು ಅರ್ಧ ಸತ್ಯ. 2024ರ ಜುಲೈನಲ್ಲಿ ಲೂಸಿಯಾನಾ ಸೇರಿಕೊಂಡ ಮೇಲೆ, ಪರ್ಮಿಟ್ ಇಲ್ಲದೆಯೂ ಗನ್ ಇಟ್ಟುಕೊಂಡು ಓಡಾಡಲು ಬಿಡುವ ರಾಜ್ಯಗಳ ಸಂಖ್ಯೆ 29 ಆಯಿತು. ಆ ಅನುಕೂಲ ಆ ರಾಜ್ಯದ ಗಡಿಯವರೆಗೆ ಮಾತ್ರ. ಅಲ್ಲಿಯೂ ವಯಸ್ಸಿನ ಮಿತಿ ಕೆಲವೆಡೆ 18, ಕೆಲವೆಡೆ 21.

ಇದರಲ್ಲೂ ಒಂದು ತೊಡಕಿದೆ. ಶಾಲೆಯ ಆವರಣದಿಂದ 1,000 ಅಡಿಯೊಳಗೆ ಗನ್ ಇಟ್ಟುಕೊಳ್ಳುವುದನ್ನು ಕೇಂದ್ರದ ಕಾನೂನು ನಿಷೇಧಿಸುತ್ತದೆ. ಆ ಶಾಲೆ ಇರುವ ರಾಜ್ಯವೇ ಕೊಟ್ಟ ಪರ್ಮಿಟ್ ಇದ್ದವರಿಗೆ ವಿನಾಯಿತಿ ಉಂಟು. ಪರ್ಮಿಟ್ ಇಲ್ಲದೆ ಓಡಾಡುವ ಪ್ರಯಾಣಿಕರಿಗೆ ಈ ವಿನಾಯಿತಿ ಸಿಗುವುದಿಲ್ಲ. ಊರೊಳಗಿನ ರಸ್ತೆಯಲ್ಲಿ ಕಾರು ಓಡಿಸುವಾಗ ಎಷ್ಟು ಶಾಲೆಗಳನ್ನು ದಾಟುತ್ತೇವೆ ಎಂದು ಯಾರು ಎಣಿಸುತ್ತಾರೆ?

“ಸುಪ್ರೀಂ ಕೋರ್ಟೇ ಎಲ್ಲ ಕಡೆ ಒಪ್ಪಿಗೆ ಕೊಟ್ಟಿದೆ” ಎನ್ನುವವರೂ ಇದ್ದಾರೆ. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪರ್ಮಿಟ್ ಬೇಕಾದವರು ವಿಶೇಷ ಕಾರಣ ತೋರಿಸಲೇಬೇಕು ಎಂಬ ನ್ಯೂಯಾರ್ಕಿನ ನಿಯಮವನ್ನು ರದ್ದು ಮಾಡಿತು. ಪರ್ಮಿಟ್ ಪದ್ಧತಿಯನ್ನೇ ರದ್ದು ಮಾಡಲಿಲ್ಲ. ಒಂದು ರಾಜ್ಯ ಇನ್ನೊಂದು ರಾಜ್ಯದ ಪರ್ಮಿಟ್ ಒಪ್ಪಬೇಕು ಎಂದೂ ಹೇಳಲಿಲ್ಲ.

ಸೇತುವೆ ದಾಟಿದ್ದೇ ತಪ್ಪಾಯಿತು

ಫಿಲಡೆಲ್ಫಿಯಾ ನಗರ ಇರುವುದು ಪೆನ್ಸಿಲ್ವೇನಿಯಾದಲ್ಲಿ. ಡೆಲವೇರ್ ನದಿಯ ಸೇತುವೆ ದಾಟಿದರೆ ನ್ಯೂಜೆರ್ಸಿ. 2013ರಲ್ಲಿ ಫಿಲಡೆಲ್ಫಿಯಾ ಕಡೆಯ ಒಬ್ಬ ತಾಯಿ, ಪೆನ್ಸಿಲ್ವೇನಿಯಾದ ಪರ್ಮಿಟ್ ಮತ್ತು ಪಿಸ್ತೂಲಿನೊಂದಿಗೆ ನ್ಯೂಜೆರ್ಸಿಯಲ್ಲಿ ಕಾರು ಓಡಿಸುತ್ತಿದ್ದರು. ಸಂಚಾರ ನಿಯಮದ ವಿಚಾರಕ್ಕೆ ಪೊಲೀಸರು ಕಾರು ನಿಲ್ಲಿಸಿದಾಗ, ತಮ್ಮ ಬಳಿ ಗನ್ ಇದೆ ಎಂದು ತಾವಾಗಿಯೇ ಹೇಳಿದರು. ಬಂಧನವಾಯಿತು. ಆ ಅಪರಾಧಕ್ಕೆ ನ್ಯೂಜೆರ್ಸಿಯಲ್ಲಿ ಪೆರೋಲ್ ಇಲ್ಲದೆ ಕನಿಷ್ಠ ಮೂರೂವರೆ ವರ್ಷದ ಜೈಲಿತ್ತು. ದೇಶದಾದ್ಯಂತ ಚರ್ಚೆಯಾಗಿ, ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ನೀಡಿದರು. ತನ್ನ ಪರ್ಮಿಟ್ ಅಲ್ಲಿಯೂ ನಡೆಯುತ್ತದೆ ಎಂದುಕೊಂಡಿದ್ದೇ ಅವರು ಮಾಡಿದ ತಪ್ಪು.

ಹಾಗಾದರೆ ಅಂಥ ರಾಜ್ಯವನ್ನು ಹಾದು ಹೋಗುವುದು ಹೇಗೆ?

1986ರ ಕೇಂದ್ರ ಕಾನೂನೊಂದು ದಾರಿಹೋಕರಿಗೆ ರಕ್ಷಣೆ ಕೊಡುತ್ತದೆ. ಹೊರಟ ಜಾಗ ಮತ್ತು ತಲುಪುವ ಜಾಗ, ಎರಡೂ ಕಡೆ ಗನ್ ಇಟ್ಟುಕೊಂಡು ಓಡಾಡುವುದು ನಿಮಗೆ ಕಾನೂನುಬದ್ಧವಾಗಿರಬೇಕು. ಗನ್‌ನಲ್ಲಿ ಗುಂಡು ಇರಬಾರದು. ಗನ್, ಗುಂಡು ಎರಡೂ ಪ್ರಯಾಣಿಕರ ಕೈಗೆ ಸಿಗುವಂತಿರಬಾರದು, ಎಂದರೆ ಡಿಕ್ಕಿಯಲ್ಲಿರಬೇಕು. ಬೇರೆ ಡಿಕ್ಕಿ ಇಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಡ್ಯಾಶ್‌ಬೋರ್ಡಿನ ಗ್ಲವ್ ಬಾಕ್ಸ್, ಸೀಟುಗಳ ನಡುವಿನ ಕನ್ಸೋಲ್‌ಗೆ ಬೀಗ ಇದ್ದರೂ ಅದು ಲೆಕ್ಕಕ್ಕಿಲ್ಲ.

ಈ ರಕ್ಷಣೆ ಹಾದು ಹೋಗುವವರಿಗೆ ಮಾತ್ರ. 2005ರಲ್ಲಿ ಯೂಟಾದ ಪ್ರಯಾಣಿಕರೊಬ್ಬರು ನ್ಯೂಜೆರ್ಸಿಯ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಮುಂದಿನ ಪ್ರಯಾಣ ತಪ್ಪಿ, ಗನ್ ಇದ್ದ ಲಗೇಜಿನೊಂದಿಗೆ ಹೋಟೆಲಿನಲ್ಲಿ ರಾತ್ರಿ ಕಳೆಯಬೇಕಾಯಿತು. ಮರುದಿನ ಚೆಕ್-ಇನ್‌ನಲ್ಲಿ ಗನ್ ಇದೆ ಎಂದು ನಿಯಮದಂತೆ ಹೇಳಿದಾಗ ಬಂಧನ! ಆರೋಪ ಮುಂದೆ ಬಿದ್ದುಹೋಯಿತು. ಆದರೆ ಬಂಧಿಸಿದ್ದು ತಪ್ಪು ಎಂದು ಅವರು ಹೂಡಿದ ದಾವೆಯನ್ನು ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಒಪ್ಪಲಿಲ್ಲ. ರಾತ್ರಿಯಿಡೀ ಗನ್ ಅವರ ಕೈಗೆ ಸಿಗುವಂತಿತ್ತು ಎನ್ನುವುದೇ ಕಾರಣ.

ವಿಮಾನದಲ್ಲಿ ಗನ್ ಒಯ್ಯುವ ನಿಯಮ ದೇಶಕ್ಕೆಲ್ಲ ಒಂದೇ. ಗುಂಡು ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಚೆಕ್-ಇನ್ ಕೌಂಟರಿನಲ್ಲಿ ಹೇಳಿ, ಲಗೇಜಿಗೆ ಹಾಕಬೇಕು. ಕೈಚೀಲದಲ್ಲಿ ಒಯ್ಯುವಂತಿಲ್ಲ. ಹಾಗಿದ್ದೂ 2023ರಲ್ಲಿ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,737 ಗನ್‌ಗಳು ಸಿಕ್ಕಿಬಿದ್ದವು. ಅವುಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವುಗಳಲ್ಲಿ ಗುಂಡು ತುಂಬಿತ್ತು.

ವೀಸಾ ಮೇಲೆ ಇರುವವರು ಇದನ್ನು ಓದಲೇಬೇಕು

ನಮ್ಮ ಓದುಗರ ಮನೆಯವರಿಗೆ ಹೆಚ್ಚು ತಾಗುವ ವಿಷಯ ಇದು. ಎಚ್-1ಬಿ, ಎಚ್-4, ಎಫ್-1, ಬಿ-2ನಂಥ ತಾತ್ಕಾಲಿಕ ವೀಸಾ ಮೇಲೆ ಬಂದವರು ಗನ್ ಆಗಲಿ, ಗುಂಡಾಗಲಿ ಹೊಂದಿರುವುದು ಕೇಂದ್ರದ ಕಾನೂನಿನಂತೆ ಅಪರಾಧ. ಶಿಕ್ಷೆ 15 ವರ್ಷದವರೆಗೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದವರು ಸೇರಿದಂತೆ ಕೆಲವರಿಗಷ್ಟೇ ವಿನಾಯಿತಿ. ಪರ್ಮಿಟ್ಟೇ ಬೇಡ ಎನ್ನುವ ರಾಜ್ಯದಲ್ಲಿದ್ದರೂ ಈ ನಿಷೇಧ ತಪ್ಪುವುದಿಲ್ಲ.

‘ಹೊಂದಿರುವುದು’ ಎಂದರೆ ಕೊಂಡಿರಬೇಕೆಂದೇನಿಲ್ಲ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಗನ್ ಹಿಡಿದರೂ ಅದು ಹೊಂದಿರುವುದೇ. ಮಗನ ಮನೆಗೆ ಆರು ತಿಂಗಳಿಗೆಂದು ಬಂದ ಅಪ್ಪ ರೇಂಜಿನಲ್ಲಿ ಗನ್ ಹಿಡಿದ ಫೋಟೊವನ್ನು ಸ್ಟೇಟಸ್‌ಗೆ ಹಾಕಿಕೊಂಡರೆ, ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಹಂಚಿದಂತೆ.

ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಆದರೆ ಅಕ್ರಮವಾಗಿ ಗನ್ ಇಟ್ಟುಕೊಂಡ ಅಪರಾಧ ಸಾಬೀತಾದರೆ ಅವರನ್ನೂ ಗಡೀಪಾರು ಮಾಡಬಹುದು. ಪೆನ್ಸಿಲ್ವೇನಿಯಾದ ಪರ್ಮಿಟ್ ನಂಬಿ ನ್ಯೂಜೆರ್ಸಿಯ ಎಡಿಸನ್‌ಗೆ ದಿನಸಿ ತರಲು ಹೋದ ಗ್ರೀನ್ ಕಾರ್ಡ್‌ದಾರರು ಸಿಕ್ಕಿಬಿದ್ದರೆ, ಜೈಲಿನ ಜೊತೆಗೆ ದೇಶ ಬಿಡುವ ಭಯವೂ ಸೇರಿಕೊಳ್ಳುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಅಮೆರಿಕದ ಗನ್ ಕಾನೂನಿನ ಬಗ್ಗೆ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ರಾಜ್ಯದ ಮಾತು? ಯಾವ ವರ್ಷದ ಮಾತು? ಗನ್ ಹಿಡಿಯುವವರು ನಾಗರಿಕರೋ, ಗ್ರೀನ್ ಕಾರ್ಡ್‌ದಾರರೋ, ವೀಸಾದಾರರೋ? ಈ ಮೂರಕ್ಕೂ ಉತ್ತರವಿಲ್ಲದ ಸಂದೇಶವನ್ನು ಅಲ್ಲಿಗೇ ಬಿಟ್ಟುಬಿಡಿ. ಗನ್ ಇರುವವರು ಹೊರಡುವ ಮುನ್ನ, ದಾರಿಯಲ್ಲಿ ಸಿಗುವ ಪ್ರತಿ ರಾಜ್ಯದ ಪೊಲೀಸ್ ಇಲಾಖೆ ಅಥವಾ ಅಟಾರ್ನಿ ಜನರಲ್ ಕಚೇರಿಯ ಜಾಲತಾಣದಲ್ಲಿ ಈಗಿನ ನಿಯಮ ನೋಡಿಕೊಳ್ಳಲಿ. ಒಂದು ರಾಜ್ಯದಲ್ಲಾದರೂ ಅನುಮಾನ ಉಳಿದರೆ ಗನ್ ಮನೆಯ ಲಾಕರಿನಲ್ಲೇ ಇರಲಿ.