ಉಳ್ಳಾಲದ ಚೌಟರ ಸೇನಾಬಲ

ನೇತ್ರಾವತಿಯ ಅಳಿವೆಗೂ ಅರಬ್ಬೀ ಸಮುದ್ರಕ್ಕೂ ನಡುವೆ ಒತ್ತಿಕೊಂಡಿರುವ ಉಳ್ಳಾಲ ದ್ವೀಪವಲ್ಲ. ಆದರೆ ದ್ವೀಪರಾಜ್ಯವೊಂದರ ರಕ್ಷಣೆಯ ಇಕ್ಕಟ್ಟುಗಳೆಲ್ಲವೂ ಅದಕ್ಕಿದ್ದವು. ಪುತ್ತಿಗೆ, ಮೂಡುಬಿದಿರೆ, ಉಳ್ಳಾಲಗಳಿಂದ ಆಳಿದ ಜೈನ ಚೌಟರ ಸೀಮೆ ಕಿರಿದು. ಗೋವೆಯಲ್ಲಿ ನೌಕಾಪಡೆಯನ್ನು ಹೊಂದಿದ್ದ ಪೋರ್ಚುಗೀಸರಿಗೆ ಇಂಥ ರಾಜ್ಯವೊಂದು ಹಲವು ದಶಕಗಳ ಕಾಲ ಮಣಿಯದೆ ನಿಂತದ್ದು ಯಾವ ಬಲದಿಂದ?

ಭಾರತೀಯ ಕರಾವಳಿ ಕಾವಲು ಪಡೆ 2012ರಲ್ಲಿ ತನ್ನ ಹಡಗೊಂದಕ್ಕೆ ರಾಣಿ ಅಬ್ಬಕ್ಕಳ ಹೆಸರಿಟ್ಟಿತು. ಗೌರವ ಸಲ್ಲತಕ್ಕದ್ದೇ. ಆದರೆ ಅದರಿಂದ ಚೌಟರಿಗೆ ಇಂದಿನ ಅರ್ಥದ ನೌಕಾದಳವೊಂದು ಇತ್ತೆಂದು ಭಾವಿಸಬೇಕಾಗಿಲ್ಲ. ಅವರ ಬಲವಿದ್ದುದು ಬಂದರಿನ ವ್ಯವಹಾರದಲ್ಲಿ, ಬಂದರನ್ನು ನಂಬಿದವರಲ್ಲಿ. ಈ ತೀರದ ಅಕ್ಕಿ ಗೋವೆಗೂ ಬೇಕಿತ್ತು, ಮಲಬಾರಿಗೂ ಬೇಕಿತ್ತು. ಪೋರ್ಚುಗೀಸರ ಪರವಾನಗಿ ಚೀಟಿಯಿಲ್ಲದೆ ಸರಕು ಸಾಗಿಸಲು ಬಯಸಿದ ಮಾಪಿಳ್ಳೆ ವರ್ತಕರಿಗೆ ಉಳ್ಳಾಲದ ರಾಣಿ ಸಹಜ ಮಿತ್ರಳಾದಳು. ಮೊಗವೀರರೂ ಬ್ಯಾರಿಗಳೂ ಅವಳ ದೋಣಿಗಳಲ್ಲಿ ಕಾದಿದರೆಂದು ಜನಶ್ರುತಿ ಹೇಳುತ್ತದೆ. ಅಗ್ನಿಬಾಣದ ಕಥೆಯೂ ಅದೇ ಶ್ರುತಿಯದು.

1568ರ ಜನವರಿಯಲ್ಲಿ ವೈಸರಾಯ್ ಅಂತಾವೋ ದೆ ನೊರೋನ್ಹ ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆ ಕಟ್ಟಿಸಿದಾಗ ಈ ಮೈತ್ರಿಯ ಪರೀಕ್ಷೆ ನಡೆಯಿತು. 1570ರ ಸುಮಾರಿಗೆ ಬಿಜಾಪುರ, ಅಹಮದ್‌ನಗರ, ಕಲ್ಲಿಕೋಟೆಗಳು ಪೋರ್ಚುಗೀಸರ ವಿರುದ್ಧ ಒಂದಾದವು. ಸಾಮೂತಿರಿಯ ನಾವಿಕ ಕುಟ್ಟಿ ಪೋಕರ್ ರಾಣಿಯ ಪರವಾಗಿ ಮಂಗಳೂರಿನ ಕೋಟೆಯ ಮೇಲೆ ಎರಗಿದನು. ಹಿಂದಿರುಗುವ ದಾರಿಯಲ್ಲಿ ಪೋರ್ಚುಗೀಸರ ಹಡಗುಗಳಿಗೆ ಸಿಕ್ಕಿ ಮಡಿದನು. ಜೈನ ರಾಣಿಯೊಬ್ಬಳಿಗಾಗಿ ಮಾಪಿಳ್ಳೆ ನಾಯಕನೊಬ್ಬ ಕಾದಿದ ಈ ಪ್ರಸಂಗ ಅಗ್ನಿಬಾಣಕ್ಕಿಂತ ಹೆಚ್ಚು ಸ್ಮರಣೀಯ.

ಅಹಿಂಸೆಯನ್ನು ಪರಮಧರ್ಮವೆನ್ನುವವರಿಗೆ ಯುದ್ಧವೇ ಎಂದು ಕೇಳುವವರುಂಟು. ಶ್ರಾವಕಾಚಾರದ ವಿವೇಚನೆಯಲ್ಲಿ ಆತ್ಮರಕ್ಷಣೆಗಾಗಿ ಒದಗುವ ವಿರೋಧಿ ಹಿಂಸೆ, ಬೇಕೆಂದೇ ಎಸಗುವ ಸಂಕಲ್ಪಿ ಹಿಂಸೆಯಿಂದ ಬೇರೆಯಾದುದು. ಗೃಹಸ್ಥರಿಗೆ ಎರಡನೆಯದು ಸರ್ವಥಾ ವರ್ಜ್ಯ, ಮೊದಲನೆಯದು ಹಾಗಲ್ಲ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡು ಬರೆದಿದ್ದಾನೆ. ಅವಳು ಬರಿಗಾಲಿನಲ್ಲಿ, ಆಯುಧ ಹಿಡಿದ ಕಾಲಾಳುಗಳೊಂದಿಗೆ, ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ನಡೆದು ಬಂದಿದ್ದಳು. ಆನೆಯಿಲ್ಲ, ಪಲ್ಲಕ್ಕಿಯಿಲ್ಲ. 1568ರ ರಾಣಿಗೂ ಇವಳಿಗೂ ಐವತ್ತೈದು ವರ್ಷಗಳ ಅಂತರ. ಅಳಿಯಸಂತಾನದ ಆ ಮನೆತನದಲ್ಲಿ ಅಧಿಕಾರ ಹೆಣ್ಣಿನ ಸಂತತಿಯಲ್ಲೇ ಸಾಗುತ್ತಿತ್ತು. ಒಬ್ಬರಿಗಿಂತ ಹೆಚ್ಚು ರಾಣಿಯರು ಜನರ ನೆನಪಿನಲ್ಲಿ ಒಬ್ಬಳೇ ಅಬ್ಬಕ್ಕಳಾಗಿ ಬೆರೆತುಹೋದರು. ಅವರನ್ನು ಬಿಡಿಸಿ ನೋಡಿದರೆ ಪ್ರತಿರೋಧ ಒಂದು ತಲೆಮಾರಿನ ಸಾಹಸವಾಗಿ ಉಳಿಯದೆ ಮನೆತನದ ನೀತಿಯಾಗಿ ಕಾಣುತ್ತದೆ.

ಆ ನೀತಿಗೆ ಬೆಲೆಯೂ ಇತ್ತು. 17ನೆಯ ಶತಮಾನದ ಆರಂಭದಲ್ಲಿ ರಾಣಿಗೆ ಬಂಗರಸನೊಡನೆ ವೈರ ಬೆಳೆಯಿತು. ಅವನೂ ಜೈನನೇ. ಅವನು ಪೋರ್ಚುಗೀಸರ ನೆರವು ಪಡೆದರೆ ಇವಳು ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆದಳು. ನಾಯಕನ ಸೈನ್ಯ ಘಟ್ಟವಿಳಿದು ಬಂತು, ಪೋರ್ಚುಗೀಸರು ಸೋತರು. ಆದರೆ ಇಕ್ಕೇರಿಯ ಹಿಡಿತ ಕರಾವಳಿಯ ಮೇಲೆ ಬಿಗಿಯಾಯಿತು. ತುಳುನಾಡಿನ ಅರಸು ಮನೆತನಗಳು ಒಂದೊಂದಾಗಿ ಅದಕ್ಕೆ ಕಪ್ಪ ಕೊಡುವ ಸಾಮಂತರಾದವು.