ಫಿಂಚ್ ಪಂಜರದ ಅಳತೆ

ಸಾಕು ಫಿಂಚ್ ಹಕ್ಕಿಗಳಿಗೆ ಪಂಜರ ಆರಿಸುವಾಗ ಮೊದಲು ನೋಡಬೇಕಾದದ್ದು ಉದ್ದ. ಅಗಲ ಆಮೇಲೆ, ಎತ್ತರ ಕೊನೆಗೆ. ಒಂದು ಜೋಡಿಗೆ ಕನಿಷ್ಠ ಎರಡು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಮೊಳ ಎತ್ತರದ ಪಂಜರ ಬೇಕು. ಅಡಿ ಲೆಕ್ಕದಲ್ಲಿ ಇದು 3 × 1.5 × 1.5, ಸೆಂಟಿಮೀಟರಿನಲ್ಲಿ ಹತ್ತಿರ ಹತ್ತಿರ 90 × 45 × 45. ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಗಿರುವ ಹೊಳೆಮಣ್ಣೂರಿನಂಥ ಊರಿಗೆ ಪೇಟೆಯಿಂದ ಬರುವ ಅಗ್ಗದ ಪಂಜರಗಳು ಬಹುತೇಕ ಅಡಿ, ಒಂದೂವರೆ ಅಡಿ ಉದ್ದದವು. ಹಕ್ಕಿಯನ್ನು ಪೇಟೆಯಿಂದ ಮನೆಗೆ ತರಲು ಅವು ಸಾಕು, ಇಡಲು ಸಾಲವು.

ಅಂಗಡಿಗಳಲ್ಲಿ ಫಿಂಚ್ ಎಂದು ಮಾರುವ ಹಕ್ಕಿಗಳಲ್ಲಿ ಹೆಚ್ಚಿನವು ನಿಜವಾದ ಫಿಂಚ್‌ಗಳ ಕುಟುಂಬವಾದ ಫ್ರಿಂಜಿಲಿಡೇಗೆ ಸೇರಿದವಲ್ಲ. ನಮ್ಮ ಹೊಲಗಳ ರಾಟವಾಳ ಹಕ್ಕಿಗಳ ಕುಟುಂಬವಾದ ಎಸ್ಟ್ರಿಲ್ಡಿಡೇಗೆ ಅವು ಸೇರುತ್ತವೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್. ಹತ್ತು ಸೆಂಟಿಮೀಟರ್ ಉದ್ದ, ಹನ್ನೆರಡು ಗ್ರಾಂ ಆಸುಪಾಸಿನ ತೂಕ, ಗಂಡಿನ ಕೆನ್ನೆಯ ಮೇಲೆ ಕಿತ್ತಳೆ ಮಚ್ಚೆ. ಬೆಂಗಾಲೀಸ್ ಫಿಂಚ್ ಕಾಡಿನಲ್ಲಿ ಇಲ್ಲವೇ ಇಲ್ಲ. ಬಿಳಿಬೆನ್ನಿನ ರಾಟವಾಳದಿಂದ ಜಪಾನಿನಲ್ಲಿ ಶತಮಾನಗಳ ಕಾಲ ಸಾಕಿ ರೂಪಿಸಿದ ತಳಿ ಅದು. ಇವೆರಡಲ್ಲದೆ ಹಸಿರು, ನೇರಳೆ, ಹಳದಿ ಬಣ್ಣಗಳ ಗೌಲ್ಡಿಯನ್ ಫಿಂಚ್ ಮತ್ತು ದಪ್ಪ ಗುಲಾಬಿ ಕೊಕ್ಕಿನ ಜಾವಾ ಗುಬ್ಬಿಯೂ ಮಾರುಕಟ್ಟೆಯಲ್ಲಿವೆ.

ಉದ್ದಕ್ಕೆ ಇಷ್ಟು ಮಹತ್ವ ಬಂದದ್ದು ಈ ಹಕ್ಕಿಗಳ ಚಲನೆಯಿಂದ. ಗಿಣಿ ಜಾತಿಯವು ಕೊಕ್ಕು, ಕಾಲು ಎರಡನ್ನೂ ಊರಿ ಸರಳು ಹಿಡಿದು ಹತ್ತುತ್ತವೆ, ತಲೆಕೆಳಗಾಗಿ ಜೋತಾಡುತ್ತವೆ. ಲವ್ ಬರ್ಡ್ಸ್ ಎಂದು ಜನ ಕರೆಯುವ ಬಜರಿಗರ್‌ಗೆ ಪಂಜರದ ಗೋಡೆಯೂ ಓಡಾಡುವ ಜಾಗವೇ. ಫಿಂಚ್‌ಗೆ ಈ ವಿದ್ಯೆ ಬಾರದು. ಅದು ಒಂದು ಕೋಲಿನಿಂದ ಇನ್ನೊಂದಕ್ಕೆ ಅಡ್ಡಡ್ಡ ಹಾರಬೇಕು, ಇಲ್ಲವೇ ಕುಪ್ಪಳಿಸಬೇಕು. ಒಂದಡಿಯ ಪಂಜರದಲ್ಲಿ ಜೀಬ್ರಾ ಫಿಂಚ್ ಜೋಡಿಯನ್ನು ಸ್ವಲ್ಪ ಹೊತ್ತು ನೋಡಿದರೆ ಇದು ತಿಳಿಯುತ್ತದೆ. ರೆಕ್ಕೆ ಅರ್ಧ ಬಿಚ್ಚುವಷ್ಟರಲ್ಲಿ ಎದುರಿನ ಕೋಲು ಬಂದುಬಿಡುತ್ತದೆ. ಹಕ್ಕಿ ಗಕ್ಕನೆ ನಿಂತು, ಹೊರಳಿ, ಬಂದಲ್ಲಿಗೇ ಮರಳುತ್ತದೆ. ದಿನವಿಡೀ ಅದೇ ನಡೆಯುತ್ತದೆ. ಅದೇ ಜೋಡಿಯನ್ನು ಮೂರಡಿಯ ಪಂಜರಕ್ಕೆ ಬಿಟ್ಟಾಗ ಕೋಲನ್ನು ಒದ್ದು ಮೇಲೆದ್ದು, ನಾಲ್ಕಾರು ಬಾರಿ ರೆಕ್ಕೆ ಬಡಿದು, ಬಾಲ ಹರಡಿ ವೇಗ ತಗ್ಗಿಸಿ ಇಳಿಯುತ್ತದೆ. ಹಾರಾಟವೆಂದು ಕರೆಯಬಹುದಾದದ್ದು ಇಲ್ಲಿಂದ ಶುರು. ಹಾರಲು ಜಾಗವಿಲ್ಲದ ಹಕ್ಕಿಗೆ ಕೊಬ್ಬು ಕಟ್ಟುತ್ತದೆ, ಉಗುರು ಬೆಳೆದು ಡೊಂಕಾಗುತ್ತದೆ, ಜೊತೆಗಾರನ ಗರಿ ಕೀಳುವ ಚಟ ಹತ್ತುತ್ತದೆ.

ಈ ಕಾರಣಕ್ಕೇ ಗೋಪುರದಂತೆ ಎತ್ತರವಾಗಿರುವ ಪಂಜರಕ್ಕೆ ಹಣ ಸುರಿಯಬಾರದು. ಫಿಂಚ್‌ಗಳು ಮೇಲಿನ ಮೂರನೆಯ ಒಂದು ಭಾಗದಲ್ಲಿ ಕಾಲ ಕಳೆಯುತ್ತವೆ, ಉಳಿದದ್ದು ಖಾಲಿ ಬೀಳುತ್ತದೆ. ದುಂಡು ಪಂಜರ ಇನ್ನೂ ಕೆಟ್ಟದ್ದು. ಹೆದರಿದ ಹಕ್ಕಿಗೆ ಒತ್ತಿ ಕೂರಲು ಅದರಲ್ಲಿ ಮೂಲೆಯೇ ಇರುವುದಿಲ್ಲ, ಗುಮ್ಮಟದ ತುದಿಯಲ್ಲಿ ಸರಳುಗಳು ಒಂದಕ್ಕೊಂದು ಹತ್ತಿರವಾಗುವಲ್ಲಿ ಕಾಲು ಸಿಕ್ಕಿಬೀಳುವ ಅಪಾಯವೂ ಉಂಟು.

ಅಳತೆಗೆ ಒಂದು ಅಧಿಕೃತ ಹೋಲಿಕೆ ಬೇಕಾದರೆ ಪ್ರಯೋಗಾಲಯದ ಪ್ರಾಣಿಗಳ ರಕ್ಷಣೆಗೆಂದು ಐರೋಪ್ಯ ಒಕ್ಕೂಟ 2010ರಲ್ಲಿ ಹೊರಡಿಸಿದ ನಿರ್ದೇಶನವನ್ನು ನೋಡಬಹುದು. ಆರು ಜೀಬ್ರಾ ಫಿಂಚ್‌ಗಳವರೆಗಿನ ಗುಂಪಿಗೆ ಒಂದು ಚದರ ಮೀಟರ್ ನೆಲ, ಒಂದು ಮೀಟರ್ ಎತ್ತರ ಬೇಕೆಂದು ಅದು ಹೇಳುತ್ತದೆ. ಮರಿ ಮಾಡಿಸುವ ಅಧ್ಯಯನಕ್ಕೆ ಇಟ್ಟ ಜೋಡಿಗೆ ಅರ್ಧ ಚದರ ಮೀಟರ್ ನೆಲ, 40 ಸೆಂಟಿಮೀಟರ್ ಎತ್ತರ ಸಾಕು, ಆದರೆ ಹಾಗೆ ಇಡುವ ಅವಧಿಗೆ ಕಾರಣ ಕೊಡಬೇಕು. ಎರಡು ಮೊಳದ ಪಂಜರದ ನೆಲ ಈ ಅರ್ಧ ಚದರ ಮೀಟರಿಗೂ ತುಸು ಕಡಿಮೆ. ಮೇಲೆ ಹೇಳಿದ ಅಳತೆ ಕನಿಷ್ಠವೇ ಹೊರತು ಉದಾರವಾದದ್ದಲ್ಲ ಎಂಬುದು ಇದರಿಂದ ಸ್ಪಷ್ಟ. ನಾಲ್ಕಡಿ ಉದ್ದ ಸಾಧ್ಯವಿದ್ದರೆ ಮೂರಕ್ಕೆ ನಿಲ್ಲಬಾರದು.

ಇಷ್ಟು ಉದ್ದದ ಸಿದ್ಧ ಪಂಜರ ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ, ದುಬಾರಿಯೂ ಹೌದು. ಆದರೆ ಊರಿನ ವೆಲ್ಡಿಂಗ್ ಅಂಗಡಿಯವರಿಗೆ ಇದು ಅರ್ಧ ದಿನದ ಕೆಲಸ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಮೂರಡಿ ಅಗಲದ ಸುರುಳಿಯಲ್ಲಿ ಬರುತ್ತದೆ. ಅದರಿಂದ ಆರಡಿ ಕತ್ತರಿಸಿ ಒಂದೂವರೆ ಅಡಿಗೊಂದರಂತೆ ಮೂರು ಕಡೆ ಮಡಿಸಿದರೆ ತಳ, ಹಿಂಬದಿ, ಮೇಲ್ಭಾಗ, ಮುಂಬದಿ ನಾಲ್ಕೂ ಆಯಿತು. ಇನ್ನು ಒಂದೂವರೆ ಅಡಿ ಕತ್ತರಿಸಿ ಅದನ್ನು ನಡುವೆ ತುಂಡರಿಸಿದರೆ ಎರಡು ಪಕ್ಕಗಳು. ಒಟ್ಟು ಏಳೂವರೆ ಅಡಿ ಮೆಶ್, ಚೂರೂ ವ್ಯರ್ಥವಿಲ್ಲ. ಬಾಗಿಲನ್ನು ಮುಂಬದಿಯಲ್ಲಿ ಕೈ ಹೋಗುವಷ್ಟೇ ಕತ್ತರಿಸಿ, ಬದಿಗೆ ತೆರೆಯುವ ಬದಲು ಮೇಲಕ್ಕೆ ಎತ್ತುವಂತೆ ಮಾಡಬೇಕು. ಆಗ ಕೈ ಜಾರಿದರೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಕತ್ತರಿಸಿದ ತಂತಿಯ ಮೊನೆಗಳನ್ನು ಅರದಿಂದ ಉಜ್ಜುವುದನ್ನು ಮರೆಯಬಾರದು. ಹೊಸ ಗ್ಯಾಲ್ವನೈಸ್ಡ್ ಮೆಶ್ ಮೇಲಿನ ಸತುವಿನ ಪುಡಿ ಹಕ್ಕಿಗೆ ವಿಷ. ವಿನೆಗರ್ ಬೆರೆಸಿದ ನೀರಿನಿಂದ ಗಟ್ಟಿ ಬ್ರಷ್ ಹಾಕಿ ತಿಕ್ಕಿ, ತೊಳೆದು, ಕೆಲವು ದಿನ ಬಿಸಿಲು ಗಾಳಿಗೆ ಇಟ್ಟ ಮೇಲೆಯೇ ಹಕ್ಕಿ ಬಿಡಬೇಕು.

ಸರಳುಗಳ ನಡುವಿನ ಸಂದು ಅರ್ಧ ಇಂಚು ಮೀರಬಾರದು. ಗಿಣಿಗೆಂದು ಮಾಡಿದ ಪಂಜರದಲ್ಲಿ ಅದು ಮುಕ್ಕಾಲು ಇಂಚು, ಒಂದು ಇಂಚು ಇರುತ್ತದೆ. ಫಿಂಚ್ ಅದರಲ್ಲಿ ತೂರಿ ಹೋದೀತು, ಇಲ್ಲವೇ ಕತ್ತು ಸಿಕ್ಕಿ ಸತ್ತೀತು. ಕೂರುವ ಕೋಲು ಬೇವಿನ ಕಿರುಗೊಂಬೆಯದಾದರೆ ಚೆನ್ನ. ಹೆಬ್ಬೆರಳಿಗಿಂತ ಸಣ್ಣಗೆ, ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ದರೆ ಪಾದಕ್ಕೆ ಹಿತ. ಎರಡು ತುದಿಗೆ ಒಂದೊಂದು ಕೋಲು, ಗೋಡೆಗೆ ಬಾಲ ತಾಗದಂತೆ ನಾಲ್ಕು ಬೆರಳು ಬಿಟ್ಟು ಹಾಕಿ, ನಡುವಿನ ಜಾಗವನ್ನು ತೆರವಾಗಿಯೇ ಇಡಬೇಕು. ಉಯ್ಯಾಲೆ, ಗಂಟೆ, ಪ್ಲಾಸ್ಟಿಕ್ ಹೂವುಗಳಿಂದ ನಡುಭಾಗ ತುಂಬಿದರೆ ಮೂರಡಿ ಪಂಜರವೂ ಒಂದಡಿಯದೇ ಆಗುತ್ತದೆ.

ಹಕ್ಕಿಗಳ ಸಂಖ್ಯೆಯನ್ನು ಇಂದಿನ ಲೆಕ್ಕದಲ್ಲಿ ಎಣಿಸಿದರೆ ತಪ್ಪಾಗುತ್ತದೆ. ಜೀಬ್ರಾ ಫಿಂಚ್ ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಎರಡು ವಾರಕ್ಕೆ ಮೊಟ್ಟೆಯೊಡೆದು, ಇನ್ನು ಮೂರು ವಾರಕ್ಕೆ ಮರಿಗಳು ಗೂಡಿನಿಂದ ಹೊರಬೀಳುತ್ತವೆ. ಮೂರು ತಿಂಗಳು ತುಂಬುವಷ್ಟರಲ್ಲಿ ಅವೂ ಬೆದೆಗೆ ಬರುತ್ತವೆ, ಒಡಹುಟ್ಟಿದವೆಂದು ಬಿಡುವುದಿಲ್ಲ. ಗೂಡಿನ ಮಡಕೆ ಕಟ್ಟುವವರು ಮರಿಗಳಿಗೆಂದು ಎರಡನೆಯ ಪಂಜರವನ್ನು ಮೊದಲೇ ಮಾಡಿಸಿಡಬೇಕು. ಮರಿ ಬೇಡವಾದರೆ ಮಡಕೆ, ನಾರು, ಹತ್ತಿ ಏನನ್ನೂ ಕೊಡಬಾರದು. ಆರು ಹಕ್ಕಿಗಳ ಗುಂಪಿಗೆ ಆರಡಿ ಉದ್ದ, ಎರಡಡಿ ಅಗಲ, ಮೂರಡಿಗಿಂತ ಹೆಚ್ಚು ಎತ್ತರದ ಪಂಜರ ಬೇಕು. ಒಂಟಿ ಫಿಂಚ್ ಸಾಕುವುದು ಸಲ್ಲದು, ಅದು ಹಿಂಡಿನ ಜೀವ. ಮೂರು ಹಕ್ಕಿ ಇಟ್ಟರೆ ಎರಡು ಜೊತೆಯಾಗಿ ಮೂರನೆಯದನ್ನು ಅಟ್ಟಾಡಿಸುತ್ತವೆ. ಗೌಲ್ಡಿಯನ್ ಫಿಂಚ್‌ಗೂ ಅದಕ್ಕಿಂತ ದೊಡ್ಡದಾದ ಜಾವಾ ಗುಬ್ಬಿಗೂ ನಾಲ್ಕಡಿಯೇ ಆರಂಭದ ಅಳತೆ.

ರೋಣದ ಕಡೆಯ ಬೇಸಿಗೆ ಪಂಜರದ ಗಾತ್ರಕ್ಕೆ ಇನ್ನೊಂದು ಅರ್ಥ ಕೊಡುತ್ತದೆ. ಇಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಜೀಬ್ರಾ ಫಿಂಚ್ ಒಣನಾಡಿನ ಹಕ್ಕಿ, ತಾಪಕ್ಕೆ ಹೊಸದಲ್ಲ. ಸೆಕೆ 26 ಡಿಗ್ರಿ ದಾಟಿದಾಗ ತಾಯಿತಂದೆಗಳು ಮೊಟ್ಟೆಯೊಳಗಿನ ಮರಿಗೆ ಕೇಳುವಂತೆ ಬೇರೆಯದೇ ಕರೆ ಕೊಡುತ್ತವೆ, ಅದನ್ನು ಕೇಳಿದ ಮರಿಗಳ ಬೆಳವಣಿಗೆ ಬೇರೆ ರೀತಿಯಲ್ಲಿ ನಡೆಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಆದರೆ ಬಯಲಿನಲ್ಲಿರುವ ಹಕ್ಕಿ ನೆರಳು ಹುಡುಕಿಕೊಂಡು ಹೋಗುತ್ತದೆ. ಉದ್ದನೆಯ ಪಂಜರದ ಒಂದು ತುದಿಗೆ ಒದ್ದೆ ಗೋಣಿಚೀಲ ಹೊದಿಸಿ ಇನ್ನೊಂದು ತುದಿಯನ್ನು ಬೆಳಕಿಗೆ ಬಿಟ್ಟರೆ ಒಳಗಿನ ಹಕ್ಕಿಗೂ ಆಯ್ಕೆ ಸಿಗುತ್ತದೆ. ಸಣ್ಣ ಪಂಜರದಲ್ಲಿ ಎಲ್ಲ ಕಡೆಯೂ ಒಂದೇ ಕಾವು. ತಗಡಿನ ಮಾಡಿನ ಕೆಳಗೆ ಪಂಜರ ತೂಗುಹಾಕುವುದು ಕೊಲೆಗೆ ಸಮ. ಮಣ್ಣಿನ ಮಾಳಿಗೆಯ ಮನೆಯ ಪಡಸಾಲೆ ಎಲ್ಲಕ್ಕಿಂತ ಉತ್ತಮ ಜಾಗ. ಅಲ್ಲಿಯೂ ಬೆಕ್ಕು, ಇಲಿ ಹತ್ತದಂತೆ ನಾಲ್ಕೈದು ಅಡಿ ಎತ್ತರದಲ್ಲಿ, ಹಿಂಬದಿ ಗೋಡೆಗೆ ತಾಗಿಸಿ ಇಡಬೇಕು. ಮೇವಿಗೆ ಇಲ್ಲಿ ಚಿಂತೆಯಿಲ್ಲ. ಪೇಟೆಯಲ್ಲಿ ಪೊಟ್ಟಣ ಕಟ್ಟಿ ಮಾರುವ ಫಿಂಚ್ ಆಹಾರದ ಮುಖ್ಯ ಕಾಳುಗಳು ಈ ಕಡೆಯೂ ಸಿಗುವ ನವಣೆ ಮತ್ತು ಬರಗು.

ಹೊಲದ ರಾಟವಾಳಗಳನ್ನು ಹಿಡಿದು ಈ ಪಂಜರಕ್ಕೆ ಹಾಕುವಂತಿಲ್ಲ. ಜಾಲಿಕಂಟಿಯಲ್ಲಿ ಹುಲ್ಲಿನ ಉಂಡೆಗೂಡು ಕಟ್ಟುವ ಈ ದೇಶಿ ಹಕ್ಕಿಗಳಿಗೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ರಕ್ಷಣೆಯಿದೆ. ಪಂಜರ ಎಷ್ಟೇ ದೊಡ್ಡದಿರಲಿ, ಅವುಗಳನ್ನು ಹಿಡಿಯುವುದು, ಮಾರುವುದು ಅಪರಾಧ. ಬಣ್ಣ ಬಳಿದು ವಿದೇಶಿ ಹಕ್ಕಿಯೆಂದು ಮಾರುವವರೂ ಇದ್ದಾರೆ, ಕೊಳ್ಳುವವರು ಎಚ್ಚರದಿಂದಿರಬೇಕು. ಜಾವಾ ಗುಬ್ಬಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಇಂಥ ಪಟ್ಟಿಯ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಗಾತ್ರದ ವಿಷಯದಲ್ಲೂ ಕಾನೂನು ಸುಮ್ಮನಿಲ್ಲ. ಪ್ರಾಣಿಗಳಿಗೆ ಹಿಂಸೆ ತಡೆಯುವ 1960ರ ಕಾಯ್ದೆಯ 11ನೆಯ ಕಲಮು, ಸಾಕಷ್ಟು ಚಲಿಸಲು ಬಿಡದಂತೆ ಉದ್ದ, ಅಗಲ, ಎತ್ತರದಲ್ಲಿ ಕಿರಿದಾದ ಪಂಜರದಲ್ಲಿ ಪ್ರಾಣಿಯನ್ನಿಡುವುದನ್ನು ಹಿಂಸೆಯೆಂದೇ ಪರಿಗಣಿಸುತ್ತದೆ. ಸೆಂಟಿಮೀಟರಿನ ಲೆಕ್ಕ ಅದರಲ್ಲಿಲ್ಲ, ಆದರೆ ಹಾರಿ ಬದುಕುವ ಹಕ್ಕಿಗೆ ಚಲನೆಯೆಂದರೆ ಹಾರಾಟವೇ.

ಮಲಪ್ರಭೆಯ ದಂಡೆಯ ಊರುಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. 2009ರಲ್ಲೂ 2019ರಲ್ಲೂ ಹೊಳೆ ಉಕ್ಕಿ ರೋಣ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು, ಜನ ಮನೆ ಬಿಟ್ಟು ಹೊರಡಬೇಕಾಯಿತು. ಮೂರಡಿ, ನಾಲ್ಕಡಿ ಪಂಜರವನ್ನು ಅಂಥ ಹೊತ್ತಿನಲ್ಲಿ ಟ್ರ್ಯಾಕ್ಟರಿಗೆ ಏರಿಸುವುದು ಕಷ್ಟ. ಅಂಗಡಿಯಿಂದ ಹಕ್ಕಿ ತಂದ ಆ ಒಂದಡಿಯ ಪಂಜರವನ್ನು ಎಸೆಯದೆ ಅಟ್ಟದಲ್ಲಿ ಇಟ್ಟುಕೊಳ್ಳಬೇಕು. ಒಂದೇ ಕೋಲು, ತಳಕ್ಕೆ ಹಳೆ ಪತ್ರಿಕೆ, ಒಂದು ಹಿಡಿ ನವಣೆ, ಚೆಲ್ಲುವ ನೀರಿನ ಬದಲು ಸವತೆಕಾಯಿಯ ಹೋಳು, ಮೂರು ಬದಿಗೆ ತೆಳುವಾದ ಬಟ್ಟೆ ಇದ್ದರೆ ಒಂದು ಜೋಡಿ ಒಂದೆರಡು ದಿನ ತಡೆದೀತು.