ದೀರ್ಘಕಾಲಿಕ ಪಾರ್ಶ್ವವಾಯು: ಪುನಶ್ಚೇತನ ಚಿಕಿತ್ಸೆಗಳ ಹೋಲಿಕೆ

ಮಿದುಳಿನ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಉಂಟಾಗುವ ಕಾಯಿಲೆ ಪಾರ್ಶ್ವವಾಯು, ಆಡುಮಾತಿನಲ್ಲಿ ಲಕ್ವ. ಆರು ತಿಂಗಳು ಕಳೆದ ಮೇಲೂ ಕೈಕಾಲಿನ ಬಲಹೀನತೆ, ಸ್ನಾಯುಗಳ ಬಿಗಿತ, ಮಾತಿನ ತೊಡಕು ಉಳಿದಿದ್ದರೆ ಅದನ್ನು ಸಾಮಾನ್ಯವಾಗಿ ದೀರ್ಘಕಾಲಿಕ ಹಂತವೆಂದು ಪರಿಗಣಿಸುತ್ತಾರೆ. ತಾನಾಗಿ ಆಗುವ ಚೇತರಿಕೆಯ ಬಹುಪಾಲು ಮೊದಲ ಕೆಲವು ತಿಂಗಳಲ್ಲೇ ಆಗಿಬಿಡುವುದರಿಂದ, ಆಮೇಲೆ ಚಿಕಿತ್ಸೆ ವ್ಯರ್ಥವೆಂಬ ಭಾವನೆ ಬಹುಕಾಲ ಬೇರೂರಿತ್ತು. ಅದು ಸರಿಯಲ್ಲ. ಅಭ್ಯಾಸಕ್ಕೆ ತಕ್ಕಂತೆ ಮಿದುಳು ತನ್ನ ನರಸಂಪರ್ಕಗಳನ್ನು ಮರುಹೊಂದಿಸಿಕೊಳ್ಳುವ ಶಕ್ತಿ ವರ್ಷಗಳ ನಂತರವೂ ಉಳಿದಿರುತ್ತದೆ.

ಕೈಯ ಚಿಕಿತ್ಸೆಗಳು

ನಿರ್ಬಂಧ ಚಿಕಿತ್ಸೆಯನ್ನು ರೂಪಿಸಿದವರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್. ಸೋತ ಕೈಯನ್ನು ಬಳಸಲು ಹೋಗಿ ಮತ್ತೆ ಮತ್ತೆ ವಿಫಲನಾದ ರೋಗಿ ಅದನ್ನು ಬಳಸದಿರುವುದನ್ನೇ ಕಲಿತುಬಿಡುತ್ತಾನೆ ಎಂಬುದು ಅವರ ವಿವರಣೆ. ಆದ್ದರಿಂದ ಸರಿಯಿರುವ ಕೈಗೆ ದಪ್ಪ ಕೈಗವಸು ತೊಡಿಸಿ, ಎಚ್ಚರವಿರುವ ಹೊತ್ತಿನ ಬಹುಭಾಗ ಸೋತ ಕೈಯಿಂದಲೇ ಕೆಲಸ ಮಾಡಿಸುತ್ತಾರೆ. 2006ರಲ್ಲಿ ಪ್ರಕಟವಾದ ಎಕ್ಸೈಟ್ ಪ್ರಯೋಗದಲ್ಲಿ, ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾಗಿದ್ದ 222 ಮಂದಿ ಪಾಲ್ಗೊಂಡಿದ್ದರು. ಎರಡು ವಾರ ಈ ಚಿಕಿತ್ಸೆ ಪಡೆದವರಲ್ಲಿ ಕಂಡ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ಆದರೆ ಮಣಿಕಟ್ಟು, ಬೆರಳುಗಳನ್ನು ಸ್ವಲ್ಪವಾದರೂ ಬಿಡಿಸಬಲ್ಲವರಿಗಷ್ಟೇ ಇದು ಸಾಧ್ಯ.

ಚಲನೆ ತೀರ ಕಡಿಮೆಯಿರುವವರಿಗೆ ಕನ್ನಡಿ ಚಿಕಿತ್ಸೆ ಒದಗುತ್ತದೆ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅಂಗ ಕಳೆದುಕೊಂಡವರಿಗೆ ಆ ಇಲ್ಲದ ಅಂಗದಲ್ಲೇ ಕಾಣಿಸುವ ಮಾಯಾನೋವಿಗೆಂದು ಬಳಕೆಗೆ ತಂದ ವಿಧಾನವಿದು. ಕನ್ನಡಿಯಲ್ಲಿ ಸರಿಯಿರುವ ಕೈಯ ಚಲನೆಯನ್ನು ನೋಡುವಾಗ ಸೋತ ಕೈಯೇ ಆಡುತ್ತಿರುವಂತೆ ತೋರುತ್ತದೆ. ಖರ್ಚು ಕಡಿಮೆ, ಮನೆಯಲ್ಲೂ ಮಾಡಬಹುದು. ಬೇರೆ ಅಭ್ಯಾಸದ ಜೊತೆ ಸೇರಿಸಿ ಮಾಡುವುದು ಒಳ್ಳೆಯದು.

ರೋಬಾಟ್ ಒಂದೇ ಚಲನೆಯನ್ನು ದಣಿವಿಲ್ಲದೆ ನೂರಾರು ಬಾರಿ ಮಾಡಿಸಬಲ್ಲದು. ಆದರೂ 127 ದೀರ್ಘಕಾಲಿಕ ರೋಗಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಚಿಕಿತ್ಸಕರೇ ಅಷ್ಟೇ ತೀವ್ರವಾಗಿ ಮಾಡಿಸಿದ ಅಭ್ಯಾಸಕ್ಕಿಂತ ರೋಬಾಟ್ ಮೇಲೆನಿಸಲಿಲ್ಲ. ಬ್ರಿಟನ್ನಿನಲ್ಲಿ 770 ಮಂದಿಯನ್ನು ಒಳಗೊಂಡ 2019ರ ರ‍್ಯಾಟುಲ್ಸ್ ಪ್ರಯೋಗದಲ್ಲೂ ರೋಬಾಟ್ ತರಬೇತಿಯಿಂದ ಕೈಯ ದಿನಬಳಕೆ ಎಂದಿನ ಚಿಕಿತ್ಸೆಗಿಂತ ಹೆಚ್ಚಲಿಲ್ಲ.

ಅಭ್ಯಾಸದ ವೇಳೆ ವೇಗಸ್ ನರವನ್ನು ಪ್ರಚೋದಿಸುವುದು ಹೊಸ ವಿಧಾನ. ಇದಕ್ಕಾಗಿ ಎದೆಯ ಚರ್ಮದಡಿ ಸಾಧನವೊಂದನ್ನು ಅಳವಡಿಸುತ್ತಾರೆ. 108 ಮಂದಿಯ ಪ್ರಯೋಗದಲ್ಲಿ, ಕೈಯ ಚಲನೆಯನ್ನು ಅಳೆಯುವ 66 ಅಂಕಗಳ ಫ್ಯುಗಲ್-ಮೇಯರ್ ಮಾಪನದಲ್ಲಿ ಪ್ರಚೋದನೆ ಪಡೆದವರು ಸರಾಸರಿ 5, ಹುಸಿ ಪ್ರಚೋದನೆಯೊಂದಿಗೆ ಅಭ್ಯಾಸ ಮಾಡಿದವರು 2.4 ಅಂಕ ಗಳಿಸಿಕೊಂಡರು. 2021ರಲ್ಲಿ ಅಮೆರಿಕ ಇದಕ್ಕೆ ಅನುಮತಿ ನೀಡಿತು. ಶಸ್ತ್ರಚಿಕಿತ್ಸೆ ಮತ್ತು ವೆಚ್ಚ ಇದರ ಮಿತಿಗಳು.

ನಡಿಗೆ

ಮೈಭಾರವನ್ನು ಪಟ್ಟಿಗಳಿಂದ ಎತ್ತಿಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸುವ ತರಬೇತಿಯನ್ನು 408 ಮಂದಿಯ ಲೀಪ್ಸ್ ಪ್ರಯೋಗ (2011), ಚಿಕಿತ್ಸಕರು ಮನೆಗೇ ಬಂದು ಮಾಡಿಸುವ ಬಲವರ್ಧನೆ ಮತ್ತು ಸಮತೋಲನದ ವ್ಯಾಯಾಮದೊಂದಿಗೆ ಹೋಲಿಸಿತು. ವರ್ಷದ ಕೊನೆಗೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಪಾರ್ಶ್ವವಾಯುವಾದ ಆರು ತಿಂಗಳ ನಂತರ ಟ್ರೆಡ್‌ಮಿಲ್ ತರಬೇತಿ ಆರಂಭಿಸಿದವರೂ ಹಿಂದೆ ಬೀಳಲಿಲ್ಲ.

ಮಾತು

ಜರ್ಮನಿಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಅಫೇಸಿಯಾ (ಭಾಷಾನಷ್ಟ) ಇದ್ದ 156 ಮಂದಿಯ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವಾರಕ್ಕೆ ಕನಿಷ್ಠ 10 ಗಂಟೆಯಂತೆ ಮೂರು ವಾರ ನಡೆದ ವಾಕ್ ಚಿಕಿತ್ಸೆಯಿಂದ ಅವರ ಮಾತಿನ ಸಂವಹನ ಸುಧಾರಿಸಿತು. ಈ ಚಿಕಿತ್ಸೆ ರೋಗಿ ಮನೆಯಲ್ಲಿ ಆಡುವ ಭಾಷೆಯಲ್ಲಿ ನಡೆಯುವುದು ಮುಖ್ಯ. ಕನ್ನಡಿಗರ ಮಟ್ಟಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದ ಪ್ರಮುಖ ಕೇಂದ್ರ.

ಆಯ್ಕೆಯ ನೆಲೆ

ಎಲ್ಲರಿಗೂ ಒಗ್ಗುವ ಒಂದೇ ಚಿಕಿತ್ಸೆ ಇಲ್ಲ. ಉಳಿದಿರುವ ಚಲನೆ ಎಷ್ಟು, ಬಿಗಿತ ಎಷ್ಟು, ಮತ್ತೆ ಕೈಗೂಡಬೇಕಾದ ಕೆಲಸ ಯಾವುದು ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಬಿಗಿತವಿದ್ದರೆ ಬೊಟುಲಿನಮ್ ಚುಚ್ಚುಮದ್ದು ಸ್ನಾಯುವನ್ನು ಸಡಿಲಿಸುತ್ತದೆ, ಆದರೆ ಕೆಲಸ ಕಲಿಸುವುದಿಲ್ಲ, ಕಲಿಸುವುದು ಅಭ್ಯಾಸವೇ. ಮೇಲಿನ ಪ್ರಯೋಗಗಳಲ್ಲಿ ಗಳಿಕೆ ಕಂಡ ಕಡೆಯಲ್ಲೆಲ್ಲ ನಿತ್ಯದ ಕೆಲಸಕ್ಕೆ ಹತ್ತಿರವಾದ, ಬಿಡದೆ ಮಾಡಿದ ಅಭ್ಯಾಸವಿತ್ತು. ದುಬಾರಿ ಯಂತ್ರ ಕೈಗೆಟುಕದ ಊರಿನಲ್ಲೂ ನುರಿತ ಫಿಸಿಯೋಥೆರಪಿಸ್ಟ್ ಮಾರ್ಗದರ್ಶನ ಮತ್ತು ಸಾಕಷ್ಟು ಗಂಟೆಗಳ ಅಭ್ಯಾಸ ದೊರೆತರೆ, ವರ್ಷಗಳ ಹಿಂದೆ ಲಕ್ವ ಹೊಡೆದವರೂ ಲೋಟ ಎತ್ತಲು, ಗುಂಡಿ ಹಾಕಿಕೊಳ್ಳಲು ಮತ್ತೆ ಕಲಿಯುವ ಅವಕಾಶವಿದೆ.